ಆಸ್ಲಾಳ ಮೊಣಕೈ

ನವೆಂಬರ್ ೧೪, ಶುಕ್ರವಾರ

ಶಿಕ್ಷಣ ಇಲಾಖೆ ಕೊಟ್ಟ ಮಾತು: ನಮ್ಮ ದ್ವೀಪದ ಶಾಲೆಗಳ ಪಿಟೀಲು ಶಿಕ್ಷಕರಿಗೆ ಎರಡು ದಿನದ ಕಾರ್ಯಾಗಾರ, ಕಲಿಸುವವಳು ಆಸ್ಲಾ. ಸಿಕ್ಕಿದ್ದು: ಅರ್ಧ ದಿನ, ಎಡಿನ್‌ಬರೋದಿಂದ ಬಂದವನೊಬ್ಬ, ಪರದೆಯ ಮೇಲೆ ಅವನು ತೋರಿಸಿದ ಚಿತ್ರಗಳು. ಆಸ್ಲಾಳ ಬಳಿ ಪದವಿ ಪತ್ರ ಇಲ್ಲವಂತೆ. ನಮಗೆಲ್ಲ ಕಲಿಸಿದವಳೇ ಅವಳು.

ನಮ್ಮ ಕಮಾನಿನ ಎಳೆತ ಯಾವ ಹಾಳೆಯಲ್ಲೂ ಇಲ್ಲ. ನುಡಿಸುವವರ ಮೊಣಕೈ ಹಿಡಿದು ಕೂತೇ ಕಲಿಯಬೇಕು. ಎಪ್ಪತ್ತಾರರ ಆಸ್ಲಾಳ ಕೈ ಬೇಸಿಗೆಯಿಂದ ನಡುಗುತ್ತಿದೆ.

ಇವತ್ತು ಪಿಟೀಲಿನ ಪೆಟ್ಟಿಗೆ ತೆರೆಯದೆ ಕೊನೆಯ ಸಾಲಿನಲ್ಲಿ ಕೂತಿದ್ದಳು.

"ಮುಂದಿನ ವರ್ಷ ಖಂಡಿತ ನಿಮ್ಮನ್ನ ಕರೀತೀವಿ," ಎಂದ ಇಲಾಖೆಯ ಅಧಿಕಾರಿ ಅವಳಿಗೆ.

"ಕರೀರಪ್ಪ, ನಾನು ಬರ್ತೀನಿ. ಈ ಕೈ ಬರುತ್ತಾ ಅಂತ ಅದನ್ನೇ ಕೇಳಿ."

ಅವನು ನಕ್ಕ. ಶಿಕ್ಷಕರ ಸಂಘದ ಪರವಾಗಿ ಬೀದಿಯಲ್ಲಿ ಘೋಷಣೆ ಕೂಗುವ ನಾನು, ಪ್ರಮಾಣಪತ್ರದ ಆಸೆಗೆ ಅಭಿಪ್ರಾಯದ ಹಾಳೆಯಲ್ಲಿ 'ತೃಪ್ತಿಯಾಗಿದೆ' ಎಂಬಲ್ಲಿ ಗುರುತು ಹಾಕಿ ಬಂದೆ. ಥೂ.

ಹೊರಗೆ, ಪಕ್ಕದ ಶಾಲೆಯ ಮಾಗ್ನಿ ಚುಚ್ಚಿದ: "ಇನ್ನೊಂದು ಮನವಿ ಬರೀತೀಯೇನಕ್ಕ? ನೀನು ಚುಕ್ಕಿ ಇಡೋದ್ರೊಳಗೆ ಆ ಕೈ ನಿಂತಿರುತ್ತೆ."

ಮನವಿ ಆಮೇಲೆ. ಸಂಘದ ಮುಂದಿನ ಸಭೆ ಆಸ್ಲಾಳ ಅಡುಗೆಮನೆಯಲ್ಲಿ, ಒಬ್ಬೊಬ್ಬರಾಗಿ ಅವಳ ಮೊಣಕೈ ಹಿಡಿಯಲು. ಭಾನುವಾರ ಬೆಳಗ್ಗೆ ಹತ್ತಕ್ಕೆ. ಆ ಹೊತ್ತಿನಲ್ಲಿ ನಡುಕ ಸ್ವಲ್ಪ ಕಡಿಮೆಯಂತೆ.