ಇಪ್ಪತ್ತೆಂಟು ದಿನದ ಗೋಡೆ

ಜುಲೈ 14, ಸೋಮವಾರ, ಬೆಳಿಗ್ಗೆ 7.10

ಮತ್ತೆ ಒರೆಸಿದ್ದಾಯಿತು. ನನ್ನ ರೂಮಿನ ಉತ್ತರದ ಗೋಡೆ, ಮಂಚದ ಹಿಂಭಾಗ. ಅರ್ಧ ಬಕೆಟ್ ನೀರು, ಎರಡು ಚಮಚ ಬ್ಲೀಚಿಂಗ್ ಪೌಡರ್, ಅಪ್ಪನ ಹಳೆ ಬನಿಯನ್. ಶುಕ್ರವಾರ ಒರೆಸಿದ ಬೂಷ್ಟು, ಇವತ್ತು ವಾಪಸ್. ಮೊದಲು ಬೂದು ಚುಕ್ಕೆ, ಆಮೇಲೆ ಹಸಿರು, ಆಮೇಲೆ ಕಪ್ಪು. ಕೈಯೆಲ್ಲ ಈಜುಕೊಳದ ವಾಸನೆ.

ಎಕ್ಸಾಮ್‌ಗೆ ಮೂರು ವಾರ. ಸ್ಟಡಿ ಹಾಲಿಡೇಸ್ ಎಂದು ಸೋಮವಾರಪೇಟೆಗೆ ಬಂದೆ. ಐದನೇ ಕ್ಲಾಸಿನಿಂದ ಹಾಸ್ಟೆಲ್. ಈ ಹೊಸ ಮನೆಯಲ್ಲಿ ಒಟ್ಟು ಒಂಬತ್ತು ರಾತ್ರಿ ಮಲಗಿದ್ದೇನೆ, ಅಷ್ಟೆ. ಸ್ವಿಚ್ ಎಲ್ಲಿದೆ ಎಂದು ಇನ್ನೂ ತಡಕುತ್ತೇನೆ.

ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. “ಇಂಜಿನಿಯರಮ್ಮ, ಗೋಡೆಗೆ ದಿನಾ ಸ್ನಾನ ಮಾಡಿಸ್ತಿದ್ದೀಯಲ್ಲ, ಒಂದ್ಸಲ ನೀನೂ ಮಾಡು.”

ಜುಲೈ 16, ಸಂಜೆ

ಅಪ್ಪ ಫೋನಿನಲ್ಲಿ ಮಹೇಶ್ ಮಾವನ ಜೊತೆ ಮಾತಾಡುತ್ತಿದ್ದರು. ಮಾವ ಅಮ್ಮನ ತಮ್ಮ. ಮಳೆ ನಿಂತ ಮೇಲೆ ಅವರೂ ಮನೆ ಕಟ್ಟುತ್ತಾರೆ, ನಮ್ಮ ಮೇಸ್ತ್ರಿ ಸಿದ್ದಬಸಪ್ಪನವರಿಂದಲೇ ಎಂದು ಮಾತಾಗಿತ್ತು. ಅಪ್ಪ ಬೇಡ ಅನ್ನುತ್ತಿದ್ದಾರೆ. ಸಿಮೆಂಟ್ ಕಡಿಮೆ ಹಾಕಿದ್ದಾನೆ, ಗೋಡೆಯೆಲ್ಲ ಬೂಷ್ಟು, ಅವನನ್ನು ಕರೀಬೇಡ.

ಆಮೇಲೆ ಅಂದರು — “ನನ್ ಮಗಳೇ ಹೇಳಿದ್ಲು ಕಣೋ, ಪ್ಲಾಸ್ಟರ್ ಒಣಗೋಕೆ ಇಪ್ಪತ್ತೆಂಟು ದಿನ ಸಾಕು ಅಂತ. ನಾವು ಮೂವತ್ತೊಂದು ದಿನ ಬಿಟ್ಟು ಬಣ್ಣ ಹೊಡ್ಸಿದ್ದು. ಅಂದ್ಮೇಲೆ ತಪ್ಪು ಯಾರ್ದು?”

ಹೌದು, ನಾನೇ ಹೇಳಿದ್ದು. ಮೇ ತಿಂಗಳಲ್ಲಿ. ಆಷಾಢಕ್ಕೆ ಮೊದಲು ಗೃಹಪ್ರವೇಶ ಆಗಬೇಕಿತ್ತು. ಗೃಹಪ್ರವೇಶ ಮಾಡಿ, ಆದರೆ ಸುಣ್ಣ ಮಾತ್ರ ಬಳಿಯಿರಿ, ಬಣ್ಣಕ್ಕೆ ಇನ್ನೊಂದು ಬೇಸಿಗೆ ಕಾಯಿರಿ ಎಂದು ಮೇಸ್ತ್ರಿ ಹೇಳುತ್ತಿದ್ದರಂತೆ. ಅಪ್ಪ ನನಗೆ ಫೋನ್ ಮಾಡಿ ಕೇಳಿದರು. ಗೊತ್ತಿಲ್ಲ ಅನ್ನಬಹುದಿತ್ತು. ಸಿವಿಲ್ ಸೇರಿ ಎರಡನೇ ಸೆಮಿಸ್ಟರ್, ಗೊತ್ತಿಲ್ಲ ಅನ್ನುವುದು ಹೇಗೆ... ಕ್ಲಾಸಿನಲ್ಲಿ ಕೇಳಿದ ಒಂದೇ ಒಂದು ನಂಬರ್ ನೆನಪಿತ್ತು. ಅದನ್ನೇ ಹೇಳಿದೆ.

ಜುಲೈ 17, ಮಧ್ಯಾಹ್ನ 3

ನೋಟ್ಸ್ ತೆಗೆದೆ. ಮೂರು ಸಲ ಓದಿದೆ. ಇಪ್ಪತ್ತೆಂಟು ದಿನ — ಕಾಂಕ್ರೀಟಿನ ಸ್ಟ್ರೆಂತ್ ಟೆಸ್ಟ್ ಮಾಡುವುದಕ್ಕೆ. ಗಟ್ಟಿಯಾಗುವುದಕ್ಕೆ. ಅದೂ ನೀರಿನಲ್ಲಿ ಮುಳುಗಿಸಿಟ್ಟು! ಒಣಗುವ ಮಾತೇ ಅಲ್ಲಿಲ್ಲ. ನನ್ನದೇ ಅಕ್ಷರ, ಕೆಳಗೆ ಕೆಂಪು ಪೆನ್ನಿನ ಗೆರೆ ಬೇರೆ.

ಊಟ ಸೇರಲಿಲ್ಲ. ಅಮ್ಮ ಎಕ್ಸಾಮ್ ಟೆನ್ಷನ್ ಅಂದುಕೊಂಡು ಹಾರ್ಲಿಕ್ಸ್ ತಂದುಕೊಟ್ಟರು. ಕುಡಿದೆ.

ಜುಲೈ 20, ಭಾನುವಾರ

ಮೇಸ್ತ್ರಿ ಬಂದಿದ್ದರು. ಅಪ್ಪ ಕರೆದಿರಲಿಲ್ಲ, ಯಾರೋ ಹೇಳಿದ್ದು ಕೇಳಿ ತಾವೇ ಬಂದರು. ಕೊಡೆ ಮಡಚಿ ಹೊರಗಿಟ್ಟು, ಕಾಲು ಒರೆಸಿಕೊಂಡು ನನ್ನ ರೂಮಿಗೇ ಬಂದರು. ಬಣ್ಣ ಉಬ್ಬಿದ್ದ ಕಡೆ ಹೆಬ್ಬೆರಳು ಒತ್ತಿದರು. ನೀರು ಸಣ್ಣಗೆ ಇಳಿಯಿತು.

“ಒಳಗಿನ ನೀರು ಎಲ್ಗೋಗ್ಬೇಕು ಸ್ವಾಮಿ? ಪ್ಲಾಸ್ಟಿಕ್ ಬಣ್ಣ ಹೊಡ್ದು ಬಾಯಿ ಮುಚ್ಚಿಬುಟ್ಟಿದ್ದೀರ. ಒಂದು ಬೇಸ್ಗೆ ಬಿಡಿ ಅಂದಿದ್ದೆ.”

ಕಾಲೇಜಿನಲ್ಲಿ ಓದುವವರಿಗಿಂತ ನಿನಗೆ ಜಾಸ್ತಿ ಗೊತ್ತಾ ಎಂದು ಅಪ್ಪ ಕೇಳಿದರು. ಮೇಸ್ತ್ರಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ನಾನೇನಾದರೂ ಹೇಳುತ್ತೇನೆ ಎಂದು ಕಾದರು, ಅಷ್ಟೆ.

ಕಾಫಿ ತರುತ್ತೇನೆ ಎಂದು ಎದ್ದು ಹೋದೆ.

ಲೋಟ ಹಿಡಿದು ಬರುವಷ್ಟರಲ್ಲಿ ಅವರು ಗೇಟಿನ ಹತ್ತಿರ ಇದ್ದರು. ಕಾಫಿ ಅಜ್ಜಿ ಕುಡಿದರು.

ಜುಲೈ 26

ಇಷ್ಟು ದಿನ ಬರೆಯಲಿಲ್ಲ. ಓದಲೂ ಇಲ್ಲ. ಒರೆಸಿದೆ, ಎರಡು ಸಲ. ಈಗ ಹಾಲಿನ ಮೂಲೆಯಲ್ಲೂ ಬಂದಿದೆ. ಬೀರುವಿನಲ್ಲಿ ಅಮ್ಮನ ಸೀರೆಗಳಿಗೂ ವಾಸನೆ.

ನಾಳೆ ಮಹೇಶ್ ಮಾವ ಬರುತ್ತಾರಂತೆ. ಬೇರೆ ಮೇಸ್ತ್ರಿಯನ್ನು ಗೊತ್ತುಮಾಡುವ ಮೊದಲು ಗೋಡೆಯನ್ನು ಕಣ್ಣಾರೆ ನೋಡಬೇಕಂತೆ. ಮಾವನೇ ಕೈಬಿಟ್ಟರೆ ಅವರ ಬೀದಿಯಲ್ಲಿ ಇನ್ಯಾರೂ ಸಿದ್ದಬಸಪ್ಪನವರನ್ನು ಕರೆಯುವುದಿಲ್ಲ ಎಂದು ಅಮ್ಮ ಮೆಲ್ಲಗೆ ಹೇಳಿದರು. ಅಪ್ಪನಿಗೆ ಕೇಳದ ಹಾಗೆ.

ಜುಲೈ 27, ರಾತ್ರಿ 10

ಹೇಳಿದೆ.

ಮಾವ ಗೋಡೆ ಕೆರೆದು ನೋಡುತ್ತಿದ್ದರು. ಅಪ್ಪ ನನ್ನನ್ನೇ ಕರೆದು, ವಿವರಿಸಮ್ಮ ಅಂದರು. ಇಂಗ್ಲಿಷಿನಲ್ಲಿ ಶುರು ಮಾಡಿ ನಿಲ್ಲಿಸಿದೆ.

“ಇಪ್ಪತ್ತೆಂಟು ದಿನ ಗಟ್ಟಿಯಾಗೋಕೆ ಮಾವ, ಒಣಗೋಕಲ್ಲ. ನಾನು ತಪ್ಪು ಹೇಳ್ದೆ. ಮೇಸ್ತ್ರಿ ಹೇಳಿದ್ದೇ ಸರಿ.”

ಮಾವ ನಕ್ಕುಬಿಟ್ಟರು. ಇನ್ನು ಮೂರು ವರ್ಷ ಓದಿದರೆ ಮನೆಯನ್ನೇ ಬೀಳಿಸುತ್ತೀಯ ಅಂದರು. ಅಪ್ಪ ನಗಲಿಲ್ಲ. ಮಾವನನ್ನು ಗೇಟಿನವರೆಗೆ ಬಿಟ್ಟು ಬಂದರು. ಆಮೇಲೆ —

“ಅವನ ಮುಂದೆನೇ ಹೇಳ್ಬೇಕಿತ್ತಾ?”

ಅಜ್ಜಿ ಎಲೆ ಅಡಿಕೆ ಜಗಿಯುತ್ತ ಹೇಳಿದರು, “ಇನ್ನೆಲ್ಲಿ ಹೇಳ್ತಾಳೆ? ಆ ಮೇಸ್ತ್ರಿ ಹೆಸರು ಕೆಡಿಸಿದ್ದು ನೀನು ಅವನ ಮುಂದೇನೇ ಅಲ್ವಾ.”

ಅಪ್ಪ ಎದ್ದು ಹೊರಗೆ ಹೋದರು. ಊಟಕ್ಕೂ ಬರಲಿಲ್ಲ.

ಜುಲೈ 28, ಬೆಳಿಗ್ಗೆ 9.20

ಅಪ್ಪ ಬೆಳಿಗ್ಗೆ ಮೇಸ್ತ್ರಿಯ ನಂಬರ್ ಚೀಟಿಯಲ್ಲಿ ಬರೆದು ನನ್ನ ಟೇಬಲ್ ಮೇಲಿಟ್ಟು ತೋಟಕ್ಕೆ ಹೋದರು. ತಾವು ಫೋನ್ ಮಾಡುವುದಿಲ್ಲ ಎಂದು ಅರ್ಥ. ನಾನು ಮಾಡಬೇಕು ಎಂದೂ ಅರ್ಥ, ಬಹುಶಃ.

ಎರಡು ಸಲ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಕೆಲಸದಲ್ಲಿರಬಹುದು. ನಂಬರ್ ನೋಡಿ ಬೇಕೆಂದೇ ಬಿಟ್ಟಿರಲೂಬಹುದು. ನನ್ನ ನಂಬರ್ ಅವರಿಗೆಲ್ಲಿ ಗೊತ್ತು... ಸುಮ್ಮನೆ ಏನೇನೋ ಯೋಚಿಸುತ್ತೇನೆ. ಏನು ಹೇಳಬೇಕೆಂದು ಇಲ್ಲಿ ಬರೆದಿಟ್ಟುಕೊಂಡರೆ ತೊದಲುವುದಿಲ್ಲ —

ನಮಸ್ಕಾರ, ನಾನು ಧನುಶ್ರೀ, ಶಶಿಕುಮಾರ್ ಅವರ ಮಗಳು. ಅವತ್ತು ನೀವು ನನ್ನ ಕಡೆ ನೋಡಿದಾಗ ನಾನು

ಫೋನ್ ಬರ್ತಿದೆ. ಅವರೇ —