ಲಿಪ್ಸಾ ನನಗೆ ಕನ್ನಡ ಕಲಿಸಿದ್ದು

ಚಿಕ್ಕಬಾಣಾವರ
೨೦-೮-೨೦೨೫, ಬುಧವಾರ

ಪ್ರೀತಿಯ ಮಗಳು ಸವಿತಾಳಿಗೆ, ನಿನ್ನ ಅವ್ವ ದೇವರ ದೀಪದ ಮುಂದೆ ಕೂತು ಬರೆಯುವ ಪತ್ರ.

ನಿನ್ನ ಸೊಂಟನೋವು ಹೇಗಿದೆ? ಅಳಿಯಂದಿರಿಗೆ ಮಗ್ಗದ ಧೂಳಿನ ಕೆಮ್ಮು ಇಳಿಯಿತೇ? ರಾತ್ರಿ ಮಲಗುವಾಗ ಶುಂಠಿ ಕಷಾಯ ಕೊಡು, ಬೇಡವೆಂದರೂ ಕೊಡು. ಶಿವನ ದಯದಿಂದ ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಈ ವಾರ ಹಗಲು ಪಾಳಿ. ಫೋನು ಮಾಡಿದರೆ ನೀನು ಅತ್ತುಬಿಡುತ್ತೀ, ನಾನೂ ಅತ್ತುಬಿಡುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹೋದ ಸಲ ಫೋನಿನಲ್ಲಿ ನೀನು, ಅಮೂಲ್ಯ ಇಚಲಕರಂಜಿಯ ಮರಾಠಿ ಶಾಲೆಯಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ, ದಸರೆ ರಜೆಗೆ ತಂದು ನಿನ್ನ ಹತ್ತಿರವೇ ಬಿಡುತ್ತೇನೆ, ಅಲ್ಲೇ ಕನ್ನಡ ಶಾಲೆಗೆ ಹಾಕು ಎಂದಿದ್ದೆಯಲ್ಲ. ಮೊಮ್ಮಗಳು ಬರುತ್ತಾಳೆಂದು ಕೇಳಿದ ಸಂಜೆಯೇ ನಿಮ್ಮಪ್ಪ ಗುಲಾಬಿ ಬಣ್ಣದ ಸ್ಕೂಲ್ ಬ್ಯಾಗ್ ತಂದು ಗೋಡೆಯ ಮೊಳೆಗೆ ನೇತುಹಾಕಿದ್ದಾರೆ. ದಿನಾ ಅದರ ಜಿಪ್ ಎಳೆದು ನೋಡುತ್ತಾರೆ. ಇರಲಿ, ಮೊದಲು ನಮ್ಮ ಶಾಲೆಯಲ್ಲಿ ಮೊನ್ನೆ ಸೋಮವಾರ ನಡೆದದ್ದನ್ನು ಕೇಳು.

ನಾನು ಬಿಸಿಯೂಟದ ಅಡುಗೆ ಮಾಡುವ ಶಾಲೆಗೆ ಈಗ ಒಡಿಶಾ, ಬಿಹಾರ, ನೇಪಾಳ, ಎಲ್ಲೆಲ್ಲಿಂದಲೋ ಬಂದವರ ಮಕ್ಕಳು ಬರುತ್ತಾರೆ. ಕಾವ್ಯಾ ಮೇಡಂ ಎಂಬ ಟೀಚರ್ ಪ್ರಾರ್ಥನೆಗೆ ಮೊದಲು ಈ ಹೊಸ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಹೇಳಿಕೊಡುತ್ತಾರೆ. ಕೊಠಡಿ ಇಲ್ಲದ್ದಕ್ಕೆ ಅದು ನಡೆಯುವುದು ನಮ್ಮ ಅಡುಗೆಮನೆಯ ಜಗುಲಿಯಲ್ಲಿ. ನನ್ನ ಬುಟ್ಟಿಯಿಂದಲೇ ಕಾಯಿಪಲ್ಲೆ ಎತ್ತಿ ತೋರಿಸಿ ಹೆಸರು ಹೇಳಿಸುತ್ತಾರೆ. ನನ್ನ ಕೈ ಹೆಚ್ಚುವುದರಲ್ಲಿ, ಕಿವಿ ಅಲ್ಲಿ. ಒಂದು ಭಾಷೆ ಮಗುವಿನ ಒಳಗೆ ಯಾವ ಬಾಗಿಲಿಂದ ಹೋಗುತ್ತದೋ ನೋಡುವ ಆಸೆ.

ಅವರಲ್ಲಿ ಲಿಪ್ಸಾ ಒಡಿಶಾದವಳು. ಅಪ್ಪ ಫೌಂಡ್ರಿ ಕೆಲಸಗಾರ. ಜೂನ್‌ನಲ್ಲಿ ನಾಲ್ಕನೇ ಕ್ಲಾಸಿಗೆ ಸೇರಿದವಳು ಬಾಯಿಯನ್ನೇ ಬಿಟ್ಟಿರಲಿಲ್ಲ. "ಹೆದರ್ಬೇಡ ಪುಟ್ಟಾ, ತಪ್ಪಾದ್ರೂ ಪರ್ವಾಗಿಲ್ಲ, ಹೇಳು" ಎಂದು ಮೇಡಂ ಎಷ್ಟು ರಮಿಸಿದರೂ ತಲೆ ಬಗ್ಗಿಸುವಳು. "ಗೌರಿ ಹಬ್ಬದವರೆಗೂ ನೋಡ್ತೀನಿ ಮೇಡಂ, ಆಮೇಲೆ ಒಂದನೇ ಕ್ಲಾಸಲ್ಲಿ ಕೂರಿಸ್ತೀನಿ" ಎಂದು ಹೆಡ್‌ಮಾಸ್ಟರು ಹೇಳಿಯಾಗಿತ್ತು. ಅಷ್ಟುದ್ದದ ಹುಡುಗಿ ಆ ಚಿಳ್ಳೆ ಮಕ್ಕಳ ನಡುವೆ! ನನಗೆ ನಮ್ಮ ಅಮೂಲ್ಯಳದೇ ಮುಖ ಕಾಣುತ್ತಿತ್ತು.

ಮೊನ್ನೆ ಶ್ರಾವಣದ ಕಡೆಯ ಸೋಮವಾರ, ಸಂಜೆ ದೀಪ ಹಚ್ಚುವವರೆಗೆ ನನಗೆ ಮೌನವ್ರತ. ನೀನು ಹುಟ್ಟಿದ್ದೂ ಅಂಥದೇ ಸೋಮವಾರ, ಆಗಲೂ ಹಲ್ಲು ಕಚ್ಚಿ ಸುಮ್ಮನಿದ್ದವಳು ನಾನು. ನನ್ನ ಜೊತೆ ಅಡುಗೆ ಮಾಡುವ ಮುನಿಯಮ್ಮ ಇಲ್ಲಿಯವಳೇ. ನಮ್ಮ ಉತ್ತರ ಕರ್ನಾಟಕದ ಕಡೆಯ ಮಾತು ಕೇಳಿ ದಿನಾ "ದೇವಕ್ಕಾ, ಒಸಿ ಕನ್ನಡ್ದಲ್ಲಿ ಮಾತಾಡ್ಬಾರ್ದಾ?" ಎಂದು ಕಾಡುವವಳು. ಅವತ್ತು "ನನ್ ಕಿವೀಗೆ ರಜ ಕೊಟ್ಟವ್ಳೆ" ಎಂದು ನಗುತ್ತಿದ್ದಳು. ನಾನು ಉಪ್ಪಿಗೂ ಈಳಿಗೆಮಣೆಗೂ ಕೈಸನ್ನೆ ಮಾಡುತ್ತಿದ್ದೆ. ಮೇಡಂ ಹಾಜರಿ ಪುಸ್ತಕ ತರಲು ಹೋದರು. ಲಿಪ್ಸಾ ನನ್ನನ್ನೇ ನೋಡುತ್ತಿದ್ದವಳು ಎದ್ದುಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ಎತ್ತಿ ನನ್ನ ಮೂಗಿಗೆ ಹಿಡಿದು, "ಈರುಳ್ಳಿ" ಎಂದಳು. ಆಮೇಲೆ ಥೇಟ್ ಮೇಡಂ ಧಾಟಿಯಲ್ಲೇ: "ಹೆದರ್ಬೇಡ ಪುಟ್ಟಾ. ತಪ್ಪಾದ್ರೂ ಪರ್ವಾಗಿಲ್ಲ. ಹೇಳು."

ನೋಡು ಸವಿತಾ, ಮುನಿಯಮ್ಮನ ಚೇಷ್ಟೆ ಕೇಳಿ, ನನ್ನ ಸನ್ನೆ ನೋಡಿ, ಈ ಮುದುಕಿಯೂ ನನ್ನ ಹಾಗೇ ಹೊಸಬಳು, ಕನ್ನಡ ಬಾರದವಳು ಎಂದುಕೊಂಡಿದೆ ಮಗು! ಕಾಯುತ್ತಾ ಕೂತಿತು. ಸುಮ್ಮನಿದ್ದರೆ ಆ ಮುಖ ಮತ್ತೆ ಬಾಡುತ್ತದೆ. ಮನಸ್ಸಿನಲ್ಲೇ ಶಿವನಿಗೆ ಕೈಮುಗಿದು, ತೊದಲುತ್ತಾ "ಈ... ರುಳ್ಳಿ" ಎಂದೆ. "ಗುಡ್!" ಎಂದು ಚಪ್ಪಾಳೆ ತಟ್ಟಿದಳು. ಆಮೇಲೆ ಟೊಮೇಟೊ, ಬೀನ್ಸು, ಸೌಟು, ನೀರು, ಬೆಂಕಿ, "ಮುಟ್ಬೇಡ, ಸುಡುತ್ತೆ." ಎಲ್ಲ ಹೊಟ್ಟೆಯೊಳಗೇ ಇತ್ತು. ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿತ್ತೋ! ತಿರುಗಿ ನೋಡಿದರೆ ಬಾಗಿಲಲ್ಲಿ ಕಾವ್ಯಾ ಮೇಡಂ, ಪಕ್ಕದಲ್ಲಿ ಹೆಡ್‌ಮಾಸ್ಟರು.

ಲಿಪ್ಸಾ ನಾಲ್ಕನೇ ಕ್ಲಾಸಲ್ಲೇ ಇರಲಿ ಎಂದುಬಿಟ್ಟರು ಹೆಡ್‌ಮಾಸ್ಟರು. ಮೊನ್ನೆ ಸೇರಿದ ನೇಪಾಳದ ಹುಡುಗಿಯನ್ನು ಮೇಡಂ ಅವಳ ಪಕ್ಕ ಕೂರಿಸಿ, ಹೇಳಿಕೊಡುವ ಕೆಲಸ ಅವಳಿಗೇ ಒಪ್ಪಿಸಿದ್ದಾರೆ. ನಿನ್ನೆ ನಾನು ಮುನಿಯಮ್ಮನ ಜೊತೆ ಜೋರಾಗಿ ಮಾತಾಡುವುದನ್ನು ಕೇಳಿ ಲಿಪ್ಸಾ ಕಣ್ಣರಳಿಸಿ ಮೇಡಂಗೆ ಹೇಳಿದಳಂತೆ: "ನಾನೇ ಕಲ್ಸಿದ್ದು. ಒಂದೇ ದಿನಕ್ಕೆ!" ಮುರಿದ ಮೌನಕ್ಕೆಂದು ಸಂಜೆ ಗುಡಿಯಲ್ಲಿ ಬಿಲ್ವಪತ್ರೆ ಹೆಚ್ಚಿಗೆ ಏರಿಸಿದ್ದೇನೆ. ಶಿವ ಕೋಪಿಸಿಕೊಂಡಂತೆ ಕಾಣಲಿಲ್ಲ.

ಅಳಿಯಂದಿರಿಗೆ ನಮ್ಮ ನಮಸ್ಕಾರ ಹೇಳು. ಅಮೂಲ್ಯಳ ಎರಡೂ ಕೆನ್ನೆಗೆ ಮುತ್ತು. ಶಿವ ನಿಮ್ಮ ಮನೆಯ ಹೊಸ್ತಿಲಲ್ಲೇ ಕಾವಲು ಕೂತಿರಲಿ.

ನಿನ್ನ ಅವ್ವ,
ದೇವಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ, ಆಮೇಲೆ ಮನಸ್ಸು ಬದಲಾದೀತು. ಅಮೂಲ್ಯಳನ್ನು ಇಲ್ಲಿ ಬಿಡಬೇಡ. ರಜೆಗೆ ಬರಲಿ, ರಜೆ ಮುಗಿಸಿ ನಿನ್ನ ಜೊತೆಗೇ ಹೋಗಲಿ. ನಿನಗೂ ಮರಾಠಿ ಅಷ್ಟಕ್ಕಷ್ಟೇ. ಸಂಜೆ ರೊಟ್ಟಿ ಬಡಿಯುವಾಗ ಅವಳನ್ನು ಎದುರಿಗೆ ಕೂರಿಸಿಕೊಂಡು, ಉಳ್ಳಾಗಡ್ಡಿಗೆ ನಿಮ್ಮ ಶಾಲೆಯಲ್ಲಿ ಏನಂತಾರವ್ವಾ ಎಂದು ಕೇಳು. ಗೊತ್ತಿದ್ದರೂ ಕೇಳು. ಆಮೇಲೆ ಸುಮ್ಮನಿರು, ಅದೇ ನಿನಗೆ ಕಷ್ಟ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಗುಲಾಬಿ ಬ್ಯಾಗನ್ನು ನಾಳೆ ಪಾರ್ಸೆಲ್ ಮಾಡುತ್ತೇನೆ, ಅಲ್ಲಿಯ ಶಾಲೆಗೇ ಹಾಕಿಕೊಂಡು ಹೋಗಲಿ.