ಧಾರೆಯ ಹೊತ್ತಿಗೆ ಮುಂದೆ ನಿಲ್ಲುವವರು

೮ ಫೆಬ್ರುವರಿ ೨೦೦೪

ಸ್ಟುಡಿಯೊ ಗುಡಿಸಿ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದೆ. ದೆಹಲಿಯ ಮುನಿರ್ಕಾದ ಈ ಗಲ್ಲಿಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳುವಂತಿಲ್ಲ. ಪಾಸ್‌ಪೋರ್ಟ್ ಫೋಟೊಗೆ ಇಬ್ಬರು ಕಾಲೇಜು ಹುಡುಗರು ಬಂದರು. ಗದ್ದ ಸ್ವಲ್ಪ ಎತ್ತಿ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ನನ್ನ ಗದ್ದವನ್ನೇ ಎತ್ತಿ ತೋರಿಸಿದೆ. ಅವರೂ ಎತ್ತಿದರು. ಸ್ಟುಡಿಯೊದ ಒಡತಿ ಪಂಕಜಕ್ಕ ಒಳಗಿನಿಂದ ನೋಡಿ ನಕ್ಕರು.

"ಮದುವೆ ಮನೇಲಿ ಐನೂರು ಜನಕ್ಕೂ ಹೀಗೇ ಮೂಕಾಭಿನಯ ಮಾಡ್ತೀಯೇನೇ, ನೀಲಾ?"

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಕರೆದು ಕೆಲಸ ಕೊಟ್ಟು, ತಮ್ಮ ಮನೆಯಲ್ಲೇ ಇಟ್ಟುಕೊಂಡವರು ಅಕ್ಕ. ಲೈಟ್ ಹಿಡಿಯುವುದು, ರೋಲ್ ಬದಲಿಸುವುದು ಕಲಿಸಿದರು. ಈಗ ಒಂದೇ ಆಸೆ. ಒಂದು ಮದುವೆಯ ಮುಹೂರ್ತ ನಾನೇ ತೆಗೆಯಬೇಕು. ಅಕ್ಕನಿಗೆ ಹೇಳಿಲ್ಲ. ಇಲ್ಲಿ ಬರೆದರೆ ಸಾಕು.

೧೬ ಫೆಬ್ರುವರಿ

ನಿನ್ನೆ ಪಂಜಾಬಿ ಮದುವೆ. ಹಾರ ಬದಲಿಸುವ ಜೈಮಾಲಾ ಹೊತ್ತಿಗೆ ಸ್ಟೇಜ್ ಮೇಲೆ ಕಾಲಿಡಲು ಜಾಗವಿಲ್ಲ. ಬೇರೆ ಫೋಟೊಗ್ರಾಫರ್‌ಗಳಾದರೆ ಕೂಗುತ್ತಾರೆ. ಅಕ್ಕ ಕೂಗುವುದಿಲ್ಲ. ದಪ್ಪ ಅಂಕಲ್ ಒಬ್ಬರ ಮೊಣಕೈ ಮುಟ್ಟಿ, ನಿಮ್ಮ ಪಗಡಿ ತುಂಬ ಚೆನ್ನಾಗಿದೆ, ಆ ಕಡೆಯಿಂದ ಇನ್ನೂ ಚೆನ್ನಾಗಿ ಕಾಣುತ್ತದೆ ಅಂದರು. ಅಂಕಲ್ ಖುಷಿಯಾಗಿ ಸರಿದರು. ಅವರ ಹಿಂದೆ ಗಂಡಿನ ಕಡೆಯ ಅರ್ಧ ಬಾರಾತ್ ಸರಿಯಿತು. ಹಾರ ಬಿದ್ದದ್ದು ಬೇಗ ಆಯಿತೆಂದು ಇನ್ನೊಂದು ಸಲ ಹಾಕಿಸಿದರು. "ಒನ್ಸ್ ಮೋರ್, ಸರ್!" ಅಂದರೆ ಇಲ್ಲಿ ಎಲ್ಲರೂ ಮತ್ತೆ ಮಾಡುತ್ತಾರೆ.

ಅಕ್ಕ ಇಷ್ಟು ನೋಡಿ ನೋಡಿ ಹೇಗೆ ಕಲಿತರೋ... ನನಗಂತೂ ಆ ಅಂಕಲ್ ಹತ್ತಿರ ಹೋಗಲೇ ಭಯ.

೨೭ ಏಪ್ರಿಲ್

ಲೋಧಿ ಕಾಲೋನಿಯ ಗೋಪಿನಾಥ್ ಸರ್ ಬಂದಿದ್ದರು. ಸೆಂಟ್ರಲ್ ಗವರ್ನ್‌ಮೆಂಟ್ ಆಫೀಸರ್. ದೊಡ್ಡ ಮಗಳು ಲಾವಣ್ಯಾಳ ಮದುವೆ, ಇಲ್ಲೇ ದೆಹಲಿಯಲ್ಲಿ, ನಮ್ಮ ಪದ್ಧತಿಯಲ್ಲಿ.

ಕನ್ನಡದವರ ಮದುವೆ ತೆಗೆಯುವುದು ಅಕ್ಕನಿಗೆ ಇದೇ ಮೊದಲು. ಎಷ್ಟು ಸಂತೋಷ ಅವರಿಗೆ! ಸಂಜೆ ಕೂತು ನನಗೆ ಪಾಠ. ಮೊದಲು ಅಂತರಪಟ, ಅದು ಸರಿದ ಕೂಡಲೇ ಜೀರಿಗೆ ಬೆಲ್ಲ, ಆಮೇಲೆ ಧಾರೆ, ಆಮೇಲೆ ತಾಳಿ. ಕಣ್ಣು ಮಿಟುಕಿಸಿದರೆ ಹೋಯಿತು.

೨೪ ಮೇ

ಮದುವೆ ಆಯಿತು. ಹೇಗೆ ಬರೆಯಲಿ.

ಅಂತರಪಟ ಹಿಡಿಯುವ ಮೊದಲು ಗೋಪಿನಾಥ್ ಸರ್ ನಮ್ಮ ಹತ್ತಿರ ಬಂದರು. ಅಕ್ಕನ ಮುಖ ನೋಡಲಿಲ್ಲ. ಲೈಟ್ ಸ್ಟ್ಯಾಂಡ್ ನೋಡುತ್ತಾ ಮಾತಾಡಿದರು. "ಪಂಕಜಾ ಅವರೇ, ತಪ್ಪು ತಿಳೀಬೇಡಿ. ಅಮ್ಮ ಹಳೇ ಕಾಲದವರು. ಧಾರೆ ಹೊತ್ತಲ್ಲಿ ಮಾತ್ರ ಮುಂದೆ ಈ ಹುಡುಗಿ ನಿಂತ್ಕೊಳ್ಳಲಿ."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅಕ್ಕನ ಯಜಮಾನರು ಚಂದ್ರಮೋಹನ ಸರ್ ತೀರಿಕೊಂಡು ವರ್ಷಗಳಾದವು. ಪಂಜಾಬಿ ಮದುವೆಗಳಲ್ಲಿ ಯಾರೂ ಕೇಳಿದ್ದಿಲ್ಲ. ಇಲ್ಲಿ ಕನ್ನಡದವರಿಗೆಲ್ಲ ಗೊತ್ತು. ಸರ್ ಅವರ ತಾಯಿ ಗಿರಿಜಮ್ಮ ಮುಂದಿನ ಕುರ್ಚಿಯಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು.

ಅಕ್ಕ ವಾದ ಮಾಡಲಿಲ್ಲ. ಕ್ಯಾಮೆರಾ ಪಟ್ಟಿಯನ್ನು ತಮ್ಮ ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕಿದರು. "ತಾಳಿ ಕಟ್ಟೋವಾಗ ಅವನ ಕೈ ನೋಡ್ಬೇಡ. ಅವಳ ಮುಖ ನೋಡು."

ನೋಡಿದೆ. ಪಟ ಸರಿದಾಗ ಲಾವಣ್ಯಾ ನಕ್ಕದ್ದು ಸಿಕ್ಕಿತು. ತಾಳಿಯೂ ಸಿಕ್ಕಿತು. ಕೊನೆಯ ಗಂಟಿಗೆ ನನ್ನ ಬಾಯಿಂದ "ಒನ್ಸ್ ಮೋರ್, ಸರ್" ಬಂದುಬಿಟ್ಟಿತು. ತಾಳಿಗೆ! ಪುರೋಹಿತರು ಮಂತ್ರ ನಿಲ್ಲಿಸಿ ನನ್ನನ್ನು ನೋಡಿದರು. ಮದುಮಗಳ ತಂಗಿ ಪ್ರೇರಣಾ ಸೆರಗು ಬಾಯಿಗೆ ಒತ್ತಿ ನಕ್ಕಳು. ಭೂಮಿ ಬಿರಿದು ನನ್ನನ್ನು ಒಳಗೆ ಎಳೆದುಕೊಳ್ಳಬಾರದೇ ಅನ್ನಿಸಿತು.

ಅಷ್ಟು ಹೊತ್ತೂ ಬೆಳಕು ಸರಿಯಾಗಿ ಬೀಳುತ್ತಿತ್ತು. ಯಾರು ಹಿಡಿದಿದ್ದಾರೆ ಎಂದು ಆಮೇಲೆ ತಿರುಗಿ ನೋಡಿದೆ. ಅಕ್ಕ ಕಂಬದ ಹಿಂದೆ ನಿಂತು, ಕೈ ಚಾಚಿ, ಲೈಟ್ ಮಾತ್ರ ಹೊರಗೆ ಹಿಡಿದಿದ್ದರು. ಯಾರಿಗೂ ಕಾಣದಂತೆ.

೨ ಜೂನ್

ಪ್ರಿಂಟ್ ಬಂದವು. ತಾಳಿ ಕಟ್ಟುವ ಫೋಟೊ ನೋಡಿ ಗೋಪಿನಾಥ್ ಸರ್ ಕಣ್ಣು ಒರೆಸಿಕೊಂಡರು. ನಿಮ್ಮ ಹುಡುಗಿಯ ಕೈಚಳಕ ಚೆನ್ನಾಗಿದೆ ಅಂದರು. ನನ್ನ ಆಸೆ ತೀರಿತು. ತೀರಿದ್ದು ಹೀಗೆ. ಖುಷಿ ಪಡಲು ಹೋದರೆ ಕಂಬ ಕಾಣುತ್ತದೆ.

ಅವರು ಹೋದ ಮೇಲೆ ಅಕ್ಕನನ್ನು ಕೇಳಿಯೇಬಿಟ್ಟೆ, ಬೇಜಾರಾಗಲಿಲ್ಲವೇ ಎಂದು. ಅಕ್ಕ ಪ್ರಿಂಟನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದರು. "ಆಯ್ತು. ಆದ್ರೆ ನೋಡೇ, ಎಂಥ ಬೆಳಕು ಬಿದ್ದಿದೆ!"

೧೧ ನವೆಂಬರ್

ಅಕ್ಕ ಡಿಜಿಟಲ್ ಕ್ಯಾಮೆರಾ ತಂದರು. ಹಳೆಯದು ನನಗೆ. ಈಗ ಸಣ್ಣ ಸಣ್ಣ ಕೆಲಸ ನಾನೊಬ್ಬಳೇ ಹೋಗುತ್ತೇನೆ. ಮೆಹಂದಿ, ನಾಮಕರಣ. "ಆಂಟೀಜಿ, ಥೋಡಾ ಸೈಡ್" ಅಂದು ಜನರನ್ನು ಸರಿಸಲು ಬರುತ್ತದೆ, ಮೆಲ್ಲಗೆ.

ಮಧ್ಯಾಹ್ನ ಗೋಪಿನಾಥ್ ಸರ್ ಫೋನ್ ಮಾಡಿದರು. ಪ್ರೇರಣಾ ಮದುವೆ, ಫೆಬ್ರುವರಿಯಲ್ಲಿ. ನಾನೊಬ್ಬಳೇ ಬರಬೇಕಂತೆ. ಪೂರ್ತಿ ಮದುವೆ, ಮುಹೂರ್ತ ಸೇರಿ. ಅಕ್ಕ ಪಕ್ಕದಲ್ಲೇ ಇದ್ದರು, ಕೇಳಿಸಿತು.

"ಹೋಗು. ಈ ಮದುವೆ ಒಂದು ಆದ್ರೆ ಇಲ್ಲಿನ ಕನ್ನಡದವರೆಲ್ಲ ನಿನ್ನನ್ನೇ ಕರೀತಾರೆ. ನನ್ನ ಹಿಂದೆ ಎಷ್ಟು ದಿನ ಲೈಟ್ ಹಿಡೀತೀಯ?"

೧೪ ನವೆಂಬರ್

ಲೋಧಿ ಕಾಲೋನಿಗೆ ಹೋಗಿ ಬಂದೆ. ಬೇವಿನ ಮರಗಳ ನೆರಳು, ಸದ್ದಿಲ್ಲದ ಬೀದಿ. ಮನೆಯಲ್ಲಿ ಕಾಫಿ ಕೊಟ್ಟರು. ಗಿರಿಜಮ್ಮ ಎದುರಿಗೇ ಕೂತಿದ್ದರು. ಗೋಪಿನಾಥ್ ಸರ್ ತಾರೀಕು, ಹಾಲ್, ಎಲ್ಲ ಹೇಳಿ ಮುಗಿಸಿದರು. ಹೂಂ ಅಂದರೆ ಆಗಿತ್ತು. ಲೋಟ ಕೆಳಗಿಟ್ಟೆ.

"ಅಕ್ಕ ಬಂದ್ರೆ ನಾನು ಬರ್ತೀನಿ. ಮುಂದೆ ಅವ್ರು ನಿಲ್ತಾರೆ. ಲೈಟ್ ನಾನು ಹಿಡೀತೀನಿ."

ಗಿರಿಜಮ್ಮ ಮಗನ ಕಡೆ ತಿರುಗಿ, ಈ ಹುಡುಗಿಗೆ ಇಷ್ಟು ಮಾತು ಯಾವಾಗ ಬಂತೋ ಅಂದರು. ತಿಳಿಸುತ್ತೇವೆ ಅಂದರು ಸರ್.

ಅಕ್ಕನಿಗೆ ಹೇಳಿದರೆ ಬೈಗುಳ. "ನಾನು ಕೇಳಿದ್ನಾ? ಬಂದ ಕೆಲಸ ಕಳ್ಕೊಳ್ಳೋಕೆ ನನ್ನ ಹೆಸರು ಯಾಕೆ ತಂದೆ?" ರಾತ್ರಿಯ ಅಡುಗೆಗೆ ನನ್ನನ್ನು ಒಳಗೆ ಸೇರಿಸಲಿಲ್ಲ. ಬಡಿಸುವಾಗ ಮಾತ್ರ ತುಪ್ಪ ಹೆಚ್ಚು ಹಾಕಿದರು.

೯ ಜನವರಿ ೨೦೦೫

ಫೋನ್ ಬಂದಿಲ್ಲ. ಬೇರೆಯವರನ್ನು ಗೊತ್ತುಮಾಡಿರಬೇಕು. ಹೋದ ಕೆಲಸ ಹೋಯಿತು... ಹಾಗೆ ಹೇಳಿದ್ದಕ್ಕೆ ಪಶ್ಚಾತ್ತಾಪ ಇದೆಯೇ? ಇಲ್ಲ. ಸ್ವಲ್ಪ ಇದೆ. ಹಳೆಯ ಕ್ಯಾಮೆರಾ ಒರೆಸುವಾಗ ಇರುತ್ತದೆ.

೧೬ ಜನವರಿ

ಪ್ರೇರಣಾ ತಾನೇ ಬಂದಳು. ನೋಯ್ಡಾದ ಆಫೀಸಿನಿಂದ ನೇರವಾಗಿ, ಕೊರಳಲ್ಲಿ ಐಡಿ ಕಾರ್ಡ್ ಹಾಗೇ ಇತ್ತು. ಮನೆಯಲ್ಲಿ ತಿಂಗಳಿಂದ ಜಗಳವಂತೆ. ಅಜ್ಜಿ ಒಪ್ಪಿಲ್ಲ. ಅಜ್ಜಿ ಒಪ್ಪಿದರೆ ಸರಿ ಅಂತ ಅಪ್ಪ ಅನ್ನುತ್ತಾರಂತೆ.

"ಆಂಟಿ, ದೀದಿ ಆಲ್ಬಮ್‌ನಲ್ಲಿ ಆ ತಾಳಿ ಫೋಟೊ ಹೈ ನಾ, ಅದು ಯಾರ ಲೈಟ್ ಅಂತ ನಂಗೆ ಗೊತ್ತು. ನಾನು ಅಲ್ಲೇ ನಿಂತಿದ್ದೆ. ಶಾದಿ ನಂದು. ನೀವು ಮುಂದೆ ಬರ್ಬೇಕು, ಬಸ್." ನನ್ನ ಕಡೆ ತಿರುಗಿ, "ಔರ್ ತುಮ್, ಒನ್ಸ್ ಮೋರ್ ಅನ್ನಬೇಡ" ಅಂದಳು.

ಅಕ್ಕ ಒಪ್ಪಿ ಒಂದು ಕರಾರು ಹಾಕಿದರು. ಧಾರೆ ಮತ್ತು ಮನೆಯವರ ಗ್ರೂಪ್ ಫೋಟೊ ಅವರದು, ಮಿಕ್ಕಿದ್ದೆಲ್ಲ ನನ್ನದು.

೧೩ ಫೆಬ್ರುವರಿ, ಮಧ್ಯಾಹ್ನ. ಊಟದ ಹಾಲ್ ಹಿಂದಿನ ಮೆಟ್ಟಿಲು

ಎರಡನೇ ಪಂಕ್ತಿಗೆ ಇನ್ನೂ ಸಮಯವಿದೆ. ಮರೆಯುವ ಮೊದಲು ಬರೆಯುತ್ತೇನೆ.

ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟು ಬಂದರು. ಅಂತರಪಟದ ಎದುರಿಗೇ ನಿಂತರು. ಕೆಲವರು ಪಿಸುಗುಟ್ಟಿದರು. ಅಕ್ಕನ ಕೈ ಅಲುಗಲಿಲ್ಲ. ನಾನು ಕಂಬದ ಹತ್ತಿರ ಹೋಗಲೇ ಇಲ್ಲ, ಅಕ್ಕನ ಪಕ್ಕದಲ್ಲೇ ಲೈಟ್ ಹಿಡಿದೆ. ಒಬ್ಬರು ಅಡ್ಡ ಬಂದರು. "ಸ್ವಲ್ಪ ಸರೀರಿ, ಅಕ್ಕನಿಗೆ ಕಾಣಬೇಕು" ಅಂದೆ. ಕೇಳಿಸುವಷ್ಟು ಜೋರಾಗಿ.

ಗಿರಿಜಮ್ಮ ಮಾತ್ರ ಬೆಳಗಿನಿಂದ ನಮ್ಮ ಕಡೆ ನೋಡಿರಲಿಲ್ಲ. ಗ್ರೂಪ್ ಫೋಟೊಗೆ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಮುಖ ಗೋಡೆಯ ಕಡೆ. ಅಕ್ಕ ತೆಗೆದರು, ಸ್ಕ್ರೀನ್ ನೋಡಿದರು, ಮತ್ತೆ ತೆಗೆದರು. ಗೋಡೆಯೇ. ಗೋಪಿನಾಥ್ ಸರ್ ಕೆಂಪಗಾದರು. ಪ್ರೇರಣಾ ಏನೋ ಹೇಳಲು ಹೊರಟಳು. ಅಕ್ಕ ಬೇಡವೆಂದು ಕೈ ಸನ್ನೆ ಮಾಡಿದರು.

ಹತ್ತಿರ ಹೋಗಲಿಲ್ಲ. ನಿಂತಲ್ಲಿಂದಲೇ ಹೇಳಿದರು. "ಅಮ್ಮಾ, ನನ್ನನ್ನ ನೋಡ್ಬೇಡಿ. ಮೊಮ್ಮಗಳ ಆಲ್ಬಮ್‌ಗೆ ನಿಮ್ಮ ಮುಖ ಕೊಡಿ, ಸಾಕು."

ಗಿರಿಜಮ್ಮ ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ತಿರುಗಿದರು. ಕ್ಯಾಮೆರಾ ನೋಡಲಿಲ್ಲ, ಅಕ್ಕನನ್ನೇ ನೋಡಿದರು. ಸೀರೆಯನ್ನು, ಹಣೆಯನ್ನು, ಮತ್ತೆ ಕಣ್ಣನ್ನು.

"ಅಷ್ಟು ದೂರ ನಿಂತ್ರೆ ನನ್ನ ಮುಖ ಏನು ಕಾಣುತ್ತೆ? ಮುಂದೆ ಬಾ."

ಅಕ್ಕ ಒಂದು ಹೆಜ್ಜೆ ಇಟ್ಟರು. ನಾನು ಲೈಟ್ ಎತ್ತಿ ಅವರ ಜೊತೆಗೇ ಮುಂದೆ ಹೋದೆ.